ಫಾರಂನಲ್ಲಿ ಬರೆದ ‘ಇಲ್ಲ’

ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಾನು ಎದುರಾಡದೆ ಕೇಳಿಸಿಕೊಳ್ಳುತ್ತಿದ್ದೆ, ಆದರೆ ಒಂದಕ್ಷರವೂ ನಂಬುತ್ತಿರಲಿಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ನಡೆದದ್ದಷ್ಟನ್ನು ಬರೆಯುತ್ತೇನೆ.

ನನ್ನ ತಮ್ಮ ಮಂಜು ಮನೆಗಳಿಗೆ ಬಣ್ಣ ಹೊಡೆಯಲು ಹರಿಹರದಿಂದ ದಿನಾ ದಾವಣಗೆರೆಗೆ ಹೋಗುತ್ತಿದ್ದ. ನಮ್ಮ ಓಣಿಯಲ್ಲಿ ಎಲ್ಲರೂ ಹೆಚ್ಚು ಕಡಿಮೆ ನಮ್ಮಂಥವರೇ. ಅಲ್ಲಿ ಅವನು ಮಂಜಣ್ಣ. ಬಸ್ಸಿನಲ್ಲಿ ಅರ್ಧ ಗಂಟೆ ಕೂತು ಇಳಿದರೆ ಬರೀ ಪೇಂಟಿನವನು. ಹಾಲ್‌ಗೆ ಮೂರು ಕೋಟ್ ಹೊಡೆದವನಿಗೆ ಚಹಾ ಗೇಟಿನ ಹತ್ತಿರ ಬರುತ್ತಿತ್ತು. ಅದನ್ನು ನಗುತ್ತ ಹೇಳುತ್ತಿದ್ದ. ಆಮೇಲೆ ಹೇಳುವುದನ್ನೇ ಬಿಟ್ಟ. ಕೆಲವು ವರ್ಷಗಳ ಹಿಂದೆ ತಾನೇ ಜೀವ ತೆಗೆದುಕೊಂಡ. ಕಾರಣ ಒಂದೇ ಇರಲಿಕ್ಕಿಲ್ಲ. ನಮಗೆ ಒಂದೂ ತಿಳಿಯಲಿಲ್ಲ. ಊರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದೆವು.

ಮರುವರ್ಷ ನನಗೆ ಕಾಲೇಜಿನ ಮೇಷ್ಟ್ರೊಬ್ಬರ ಸರ್ವೆಗೆ ಮನೆ ಮನೆ ತಿರುಗುವ ಕೆಲಸ ಸಿಕ್ಕಿತು. ಉಳ್ಳವರ ಮತ್ತು ಇಲ್ಲದವರ ಆದಾಯದ ನಡುವೆ ಅಂತರ ಹೆಚ್ಚಿರುವ ಕಡೆ ಆತ್ಮಹತ್ಯೆಯೂ ಹೆಚ್ಚೇ ಎಂಬುದು ಅವರ ಪ್ರಶ್ನೆ. ಮಾಯಕೊಂಡ, ಬಾತಿ, ಹರಿಹರ, ದಾವಣಗೆರೆಯ ದೇವರಾಜ ಅರಸು ಬಡಾವಣೆ, ಎಲ್ಲ ಕಡೆಯೂ ಚೀಟಿ ಎತ್ತಿ ಮನೆಗಳನ್ನು ಆರಿಸಿದ್ದರು. ನಮ್ಮ ಮನೆಯೂ ಬಂತು. ಮನೆಯಲ್ಲಿ ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದಾರೆಯೇ ಎಂಬಲ್ಲಿ ನಾನೇ ‘ಇಲ್ಲ’ ಎಂದು ಬರೆದೆ. ಅವ್ವ ಪಕ್ಕದಲ್ಲೇ ಕೂತಿದ್ದಳು. ಆ ಫಾರಂ ಒಪ್ಪಿಸಲು ಮನಸ್ಸಾಗದೆ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ.

ಒಂದು ಮಧ್ಯಾಹ್ನ ಅರಸು ಬಡಾವಣೆಯ ಮೂರಂತಸ್ತಿನ ಮನೆಗೆ ಹೋದೆ. ಬೆಲ್ ಒತ್ತುವ ಮೊದಲೇ ವಯಸ್ಸಾದ ಅಮ್ಮನೊಬ್ಬರು ಬಾಗಿಲು ತೆಗೆದು ನನ್ನನ್ನು ಸೋಫಾದ ಮೇಲೆ ಕೂರಿಸಿದರು. ಆ ಬಡಾವಣೆಯಲ್ಲಿ ಬೇರೆ ಯಾರೂ ಒಳಗೆ ಕರೆದಿರಲಿಲ್ಲ.

“ನೀನು ಮಂಜುನ ಅಕ್ಕ ಅಲ್ಲೇನವ್ವಾ? ಬರ್ತಾಳ ಅಂತ ನಿನ್ನೆ ಹೇಳಿ ಹೋದ.”

ಯಾವ ಮಂಜು ಎಂದು ಕೇಳಿದೆ.

“ಈ ಗ್ವಾಡಿಗೆ ಬಣ್ಣ ಹೊಡ್ದೋನು. ಆವಾಗ ನಾವು ಕೂಡು ಅನ್ನಲಿಲ್ಲ. ನಿನ್ನೆ ಅಂದೆ, ಕೂತ. ಅಕ್ಕ ಒಂದು ಕಾಗ್ದದಾಗ ತಪ್ಪು ಬರ್ದಾಳ, ಬೈಬ್ಯಾಡ್ರಿ, ನೀರು ಕೊಡ್ರಿ ಅಂದ.”

ಸೊಸೆ ಒಳಗಿನಿಂದ ಬಂದು, ನಿನ್ನೆ ಯಾರೂ ಬಂದಿಲ್ಲ ಎಂದರು. “ನಮ್ಮತ್ತೇರಿಗೆ ಮರೆವು ರೀ. ಮೊನ್ನೆ ಕರೆಂಟ್ ಬಿಲ್ಲಿನೋನಿಗೂ ಊಟಕ್ಕಿಟ್ಟಿದ್ರು.”

“ಹಸ್ದಿದ್ದ, ಇಟ್ಟೆ. ನಿನ್ನೆ ನೀನು ಪಾರ್ಲರ್‌ನಾಗಿದ್ದೆ, ನಿನಗೇನು ಗೊತ್ತು?” ಎಂದರು ಅಮ್ಮ.

ಮರೆವೇ ಇರಬಹುದು. ನನ್ನ ಮುಖ ಮಂಜುವಿನದೇ ಅಚ್ಚು, ಅದನ್ನು ಕಂಡು ಗುರುತಿಸಿರಬಹುದು. ಆದರೆ ಕಾಗದದ ವಿಷಯ ಅವ್ವ ಮತ್ತು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನೀರು ಕುಡಿದು, ಅವರ ಫಾರಂ ತುಂಬಿಸಿಕೊಂಡು ಹೊರಟೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು.

“ಕೂತಿದ್ನಂತಾ?”

ಹೂಂ ಎಂದೆ. ಚೀಲದಿಂದ ನಮ್ಮ ಮನೆಯ ಫಾರಂ ತೆಗೆದು, ಅವಳೆದುರಿಗೇ ‘ಇಲ್ಲ’ ಹೊಡೆದುಹಾಕಿ ‘ಹೌದು’ ಎಂದು ಬರೆದೆ. ಅವಳು ತಡೆಯಲಿಲ್ಲ. ಮರುದಿನ ಅದನ್ನು ಒಪ್ಪಿಸಿದೆ.

ಮೇಷ್ಟ್ರಿಗೆ ಉತ್ತರ ಸಿಕ್ಕಿತೋ ಇಲ್ಲವೋ ತಿಳಿಯದು. ಆ ಅಮ್ಮನಿಗೆ ಯಾರು ಹೇಳಿದರೆಂಬುದೂ ಇವತ್ತಿನವರೆಗೆ ತಿಳಿದಿಲ್ಲ. ಹರಿಹರದ ಲೆಕ್ಕಕ್ಕೆ ನನ್ನ ತಮ್ಮ ಸೇರಿದ, ಅಷ್ಟು ಗೊತ್ತು.