ಅರ್ಜಿಯಲ್ಲಿದ್ದ ಅಂಗಡಿ

ಹೊಳೆನರಸೀಪುರದಲ್ಲಿ ನಮ್ಮ ಯಜಮಾನರದು ಟೈಲರ್ ಅಂಗಡಿ ಇತ್ತು. ಸಂತೆಯಲ್ಲೂ ರೆಡಿಮೇಡ್ ಬಟ್ಟೆ ರಾಶಿ ಬಿದ್ದ ಮೇಲೆ ಅಳತೆ ಕೊಡಲು ಬರುವವರು ನಿಂತೇ ಹೋದರು. ಅಂಗಡಿಗೆ ಬೀಗ ಬಿತ್ತು. ಹಾಸನದ ಗಾರ್ಮೆಂಟ್ಸಿನಲ್ಲಿ ಅಮೆರಿಕಕ್ಕೆ ಶರ್ಟು ಹೊಲಿಯುತ್ತಾರೆ, ಜನ ಬೇಕಂತೆ ಎಂದೆ.

"ದಿನಾ ಬರೀ ಕಾಲರ್ ಒಲ್ಕಂಡ್ ಕೂರಕ್ಕೆ ನಾನೇನು ಎಂಗ್ಸಾ?" ಅಂದರು.

ಹೆಂಗಸು ನಾನಿದ್ದೆನಲ್ಲ, ಹೋದೆ. ಹೊಲಿಗೆ ಕಲಿಸಿದವರು ಅವರೇ, ಇಲ್ಲವೆನ್ನುವುದಿಲ್ಲ.

ಸೇರುವ ದಿನ ಅರ್ಜಿಯಲ್ಲಿ 'ಗಂಡನ ಉದ್ಯೋಗ' ಎಂಬಲ್ಲಿ ಪೆನ್ನು ನಿಂತಿತು. ಮನೆಯಲ್ಲಿ ಸುಮ್ಮನಿದ್ದಾರೆ ಎಂದು ಬರೆಯಲು ಕೈ ಬರಲಿಲ್ಲ. 'ಟೈಲರ್, ಸ್ವಂತ ಅಂಗಡಿ' ಎಂದು ಬರೆದೆ. ಗಂಡನ ಮರ್ಯಾದೆ ಕಾಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆರು ವರ್ಷ ಕಾಲರ್ ಹೊಲಿದೆ. ಒಂದು ಇಡೀ ಶರ್ಟನ್ನು ಒಮ್ಮೆಯೂ ಹೊಲಿಯಲಿಲ್ಲ. ಆದರೂ ಆ ಕೆಲಸ ನನಗೆ ಇಷ್ಟವಿತ್ತು. ಮಗಳು ನರ್ಸಿಂಗ್ ಓದುತ್ತಿದ್ದುದು ಅದರಿಂದಲೇ.

ಕಳೆದ ವರ್ಷ ಅಮೆರಿಕದಲ್ಲಿ ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿದರಂತೆ. ಆರ್ಡರ್ ನಿಂತವು. ಸೂಪರ್‌ವೈಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಹಳೆಯ ಅರ್ಜಿಗಳನ್ನು ತಿರುವುತ್ತಾ ಬಂದ.

"ಗಂಡ ದುಡಿಯೋ ಮನೆಯೋರ್ನ ಮೊದ್ಲು ಬುಡುಸ್ತಾವ್ರೆ ಕಣಮ್ಮ. ನಿಮ್ ಯಜಮಾನ್ರುದು ಅಂಗ್ಡಿ ನಡೀತಾ ಐತಾ?"

ಇಲ್ಲ ಎಂದಿದ್ದರೆ ಸಾಕಿತ್ತು. ನನ್ನ ಹಿಂದೆಯೇ ನಮ್ಮ ಬೀದಿಯ ಇಬ್ಬರು ನಿಂತಿದ್ದರು.

"ನಡೀತಾ ಐತೆ ಸಾ," ಅಂದೆ.

ಅಂಗಡಿಗೆ ಬೀಗ ಬಿದ್ದಿರುವುದು ಅವರಿಬ್ಬರಿಗೂ ಗೊತ್ತು. ನೆಲ ನೋಡುತ್ತಾ ನಿಂತರು. ತಮ್ಮ ಅರ್ಜಿಗಳಲ್ಲಿ ಅವರೇನು ಬರೆದಿದ್ದರೋ. ಇಸ್ತ್ರಿಯ, ಪ್ಯಾಕಿಂಗಿನ ಗಂಡಸರನ್ನು ಮಾತ್ರ, ನಿಮ್ಮ ಹೆಂಡತಿ ದುಡಿಯುತ್ತಾಳಾ ಎಂದು ಯಾರೂ ಕೇಳಲಿಲ್ಲ. ಅವರ ಕೆಲಸ ಉಳಿಯಿತು, ನನ್ನದು ಅವತ್ತೇ ಹೋಯಿತು.

ಒಂದು ವಾರದ ಮೇಲೆ ಯಜಮಾನರ ಹಳೆಯ ಸ್ನೇಹಿತರೊಬ್ಬರು ಬಂದು ಜಗಲಿಯಲ್ಲಿ ಕೂತಿದ್ದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ.

"ನಾನೇ ಬುಡುಸ್ದೆ ಕಣ್ಲಾ," ಎನ್ನುತ್ತಿದ್ದರು ಇವರು. "ಎಂಗ್ಸ್ರು ದುಡಿಮೇಲಿ ಎಷ್ಟು ದಿನ ಅಂತ ಉಣ್ಣೋದು?"

ಮೈಯೆಲ್ಲ ಉರಿಯಿತು. ಮಗಳ ಫೀಸಿಗೆ ಏನು ಮಾಡೋಣ ಎಂದು ಆ ಒಂದು ವಾರದಲ್ಲಿ ಈ ಮನುಷ್ಯ ಒಂದು ಮಾತು ಕೇಳಿರಲಿಲ್ಲ. ಇವತ್ತು ಹೇಳಿಯೇ ಬಿಡುತ್ತೇನೆ ಅಂದುಕೊಂಡು, ಕಾಫಿ ಲೋಟ ಹಿಡಿದು ಹೊರಗೆ ಹೋದೆ.

"ಒಳ್ಳೇದಾಯ್ತು ಬುಡಕ್ಕ, ಇನ್ ಆರಾಮಾಗಿರು," ಅಂದರು ಸ್ನೇಹಿತರು.

ಯಜಮಾನರು ತಲೆ ಎತ್ತಲಿಲ್ಲ. ನಾನು ಕೊಟ್ಟ ಲೋಟವನ್ನು ಕುಡಿಯದೆ ಪಕ್ಕಕ್ಕಿಟ್ಟರು.

"ಊಂ ಕಣಣ್ಣ," ಅಂದೆ. "ಇವ್ರೇ ಬ್ಯಾಡ ಅಂದ್ಬುಟ್ರು."