ಎರಡು ಕುರ್ಪಿ

ನಮ್ಮ ಪಡಸಾಲೆಯ ಗೋಡೆಯಲ್ಲಿ ಅಕ್ಕಪಕ್ಕ ಎರಡು ಮೊಳೆಗಳಿವೆ. ಒಂದರಲ್ಲಿ ನಾನು ಕಳೆ ತೆಗೆಯುವ ಕುರ್ಪಿ ತೂಗುತ್ತದೆ, ಇನ್ನೊಂದರಲ್ಲಿ ನನ್ನ ತಂಗಿ ನಾಗರತ್ನಳದು. ಹಿಡಿಕೆ ಸವೆದು ಅಂಗೈಯ ಆಕಾರಕ್ಕೆ ಬಂದ ಈ ಬಡ ಕಬ್ಬಿಣದಲ್ಲಿ ನೋಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಆ ಎರಡನೆಯದು ಮೊಳೆಗೆ ಬರುವ ಮುಂಚೆ ಎಂಟು ತಿಂಗಳು ಜೋಳದ ಗುಡಾಣದ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು ಅಡಗಿ ಕೂತಿತ್ತು. ಅಡಗಿಸಿದವಳು ನಾನೇ.

ತೊಂಬತ್ತರ ದಶಕದ ಕೊನೆಯ ಮಾತು. ನಾಗರತ್ನ ಗಂಡನ ಮನೆಯಿಂದ ಒಂದು ಟ್ರಂಕಿನೊಂದಿಗೆ ಮಾಗಳದ ನಮ್ಮ ಮನೆಗೆ ಬಂದಿಳಿದಿದ್ದಳು. ನಿದ್ದೆ ಅವಳನ್ನು ಬಿಟ್ಟಿತ್ತು. ಎದುರಿಗಿಲ್ಲದವರ ಮಾತು ಕೇಳಿಸುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಕೋಣೆಯಲ್ಲಿ ಕೂಡಿಹಾಕಬೇಡಿ, ಬಿಸಿಲು ಗಾಳಿ ಕಾಣಲಿ, ಕೈಗೊಂದು ಕೆಲಸ ಕೊಡಿ ಎಂದಿದ್ದರು. ನಾವು ಗುಳಿಗೆ ಕೊಟ್ಟೆವು, ಕೆಲಸ ಬಚ್ಚಿಟ್ಟೆವು. ಕುಡುಗೋಲು, ಈಳಿಗೆ, ಕುರ್ಪಿ ಎಲ್ಲವೂ ಅವಳ ಕಣ್ಣಿಗೆ ಬೀಳದಂತೆ ಮರೆಯಾದವು.

ಒಂದು ಬೆಳಿಗ್ಗೆ ಜೋಳ ತೆಗೆಯಲು ಹೋದ ನಾಗರತ್ನ ಆ ಕುರ್ಪಿಯನ್ನು ತಾನೇ ಹುಡುಕಿಕೊಂಡು, ಸದ್ದಿಲ್ಲದೆ ನನ್ನ ಹಿಂದೆ ಶೇಂಗಾ ಹೊಲಕ್ಕೆ ಬಂದಳು. ಬೆನ್ನ ಹಿಂದೆ ಕಬ್ಬಿಣದ ಸದ್ದು ಕೇಳಿ ನನ್ನೆದೆ ಹಾರಿದ್ದು ಸುಳ್ಳಲ್ಲ. ತಿರುಗಿ ನೋಡಿದರೆ ಕುಕ್ಕರಗಾಲಲ್ಲಿ ಕೂತು ಜೇಕಿನ ಹುಲ್ಲನ್ನು ಗಡ್ಡೆಯವರೆಗೆ ಬಗೆಯುತ್ತಿದ್ದಳು. ನಡುವೆ ಸಿಕ್ಕ ಗೋಣಿಪಲ್ಯವನ್ನು ಆರಿಸಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನ ಎರಡು ರೊಟ್ಟಿ ತಿಂದು ಬದುವಿನ ಬೇವಿನ ನೆರಳಿಗೆ ಒರಗಿದವಳಿಗೆ ಕಣ್ಣು ಹತ್ತಿತು. ನಾನು ನೊಣ ಓಡಿಸುತ್ತ, ಆ ಹೊತ್ತಿನ ನನ್ನ ಕೆಲಸ ಅದೊಂದೇ ಎಂಬಂತೆ ಕೂತುಬಿಟ್ಟೆ.

ನಮ್ಮಲ್ಲಿ ಕಳೆ ತೆಗೆಯುವುದು ಮುಯ್ಯಿಯ ಮೇಲೆ ನಡೆಯುತ್ತದೆ. ಇಂದು ನಾನು ನಿಮ್ಮ ಹೊಲಕ್ಕೆ ಬಂದರೆ, ಮುಂದೊಂದು ದಿನ ನೀವು ನನ್ನದಕ್ಕೆ ಬರಬೇಕು, ಆಳಿಗೆ ಆಳು. ನಮ್ಮ ಓಣಿಯ ಮುಯ್ಯಿಗೆ ಹಿರಿಯಳು ಹಾಲವ್ವ. ನಾಗರತ್ನಳನ್ನೂ ಕರೆದುಕೊಂಡು ಹೋದ ದಿನ ಆಕೆ ತಂಬಾಕು ಉಗುಳಿ ನಿಧಾನವಾಗಿ ಹೇಳಿದಳು:

“ನಿನ್ನ ತಂಗಿ ಕುಂದ್ರತಾಳಂದ್ರ ಕುಂದರ್ಲಿ, ಬ್ಯಾಡನ್ನಾವರು ಯಾರು? ಆದ್ರ ಆಳಿನ ಲೆಕ್ಕಕ್ಕ ಹಿಡಿಬ್ಯಾಡವ್ವ. ನಾವು ಒಂದು ಸಾಲು ಮುಗಸೂದ್ರಾಗ ಆಕಿ ಪಲ್ಯ ಆರಿಸ್ಕೊಂತ ಅಲ್ಲೇ ಅದಾಳ.”

ಸಾಲಿನಲ್ಲಿದ್ದವರು ನಕ್ಕರು. ನಾಗರತ್ನ ತಲೆಯೆತ್ತಲಿಲ್ಲ, ಅವಳ ಕೈ ಮಾತ್ರ ನಿಂತಿತು. ಆ ನಿಂತ ಕೈಯನ್ನು ನಾನು ಇಂದಿಗೂ ಮರೆತಿಲ್ಲ. ಹಿಂದಿನ ವರ್ಷ ಮೊಣಕಾಲು ಬಾತು ಹಾಲವ್ವ ಬದುವಿನ ಮೇಲೆ ಕೂತೇ ದಿನ ಕಳೆದಾಗ ಅವಳ ಸಾಲನ್ನು ಹಂಚಿಕೊಂಡು ಮುಗಿಸಿದವರು ನಾವೇ; ಆಕೆಯನ್ನು ಇಡೀ ಆಳೆಂದೇ ಹಿಡಿದಿದ್ದೆವು. ಮೊಣಕಾಲಿನ ನೋವಿಗೆ ಇರುವ ಮರ್ಯಾದೆ ಮನಸ್ಸಿನ ನೋವಿಗೆ ಏಕಿಲ್ಲ?

“ಎರಡು ಕುರ್ಪಿ ಬರ್ತಾವ ಚಿಗವ್ವ,” ಅಂದೆ, “ಇಲ್ಲಂದ್ರ ಒಂದೂ ಬರಂಗಿಲ್ಲ.”

ಎದ್ದು ಬಂದೆವು. ಮುಯ್ಯಿ ಮುರಿಯಿತು. ನಮ್ಮ ಮೂರೆಕರೆ ನಮ್ಮಿಬ್ಬರ ಪಾಲಿಗೇ ಬಿತ್ತು. ತಂಗಿಯ ಸಲುವಾಗಿ ಹೊಲ ಕೆಡಿಸುತ್ತೀಯಾ ಎಂದು ಯಜಮಾನರು ಮೂರು ದಿನ ಗೊಣಗಿದರು; ನಾಲ್ಕನೆಯ ದಿನ ತಾವೂ ಬಂದು ಒಂದು ಮೂಲೆ ಹಿಡಿದು ಕೂತರು. ನಾಗರತ್ನ ಬೆಳಗ್ಗೆ ಏಳಲಾರದ ದಿನಗಳೂ ಇದ್ದವು. ಆ ದಿನಗಳಲ್ಲಿ ಅವಳ ಸಾಲನ್ನು ಹಾಗೇ ಬಿಡುತ್ತಿದ್ದೆ. ಮರುದಿನ ಅವಳು ಬಂದು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು. ಮಣ್ಣು ಅವಳನ್ನು ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುತ್ತಿರಲಿಲ್ಲ. ಮದ್ದೆಂದರೆ ಗುಳಿಗೆಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನುಂಗಿದ ಗುಳಿಗೆಗೆ ಇಳಿದು ನಿಲ್ಲಲು ಒಂದು ನೆಲ ಬೇಕಷ್ಟೆ.

ಮಳೆ ಬಿದ್ದು ಎಂಟು ದಿನಕ್ಕೆ, ಗಡ್ಡೆ ಬಿಟ್ಟು ಮೇಲಷ್ಟೇ ಕೊಯ್ದ ಹೊಲಗಳಲ್ಲೆಲ್ಲ ಜೇಕು ಮತ್ತೆ ಹಸಿರಾಗಿ ಎದ್ದಿತು. ನಾಗರತ್ನ ಕೂತೆದ್ದ ಸಾಲುಗಳು ಮಾತ್ರ ಕರ್ರಗೆ, ಚೊಕ್ಕಟ. ಹಾಲವ್ವ ಬದುವಿನ ಮೇಲೆ ಬಹಳ ಹೊತ್ತು ನಿಂತು ನೋಡಿ ಹೋದಳಂತೆ. ನನಗೆ ಅದರಿಂದ ಹಿಗ್ಗಾಗಲಿಲ್ಲವೆಂದರೆ ನಂಬುತ್ತೀರಾ? ಸಾಲು ಚೊಕ್ಕಟವಿದ್ದುದಕ್ಕೆ ಮನುಷ್ಯಳಾದಳು ಎಂದರೆ, ಸಾಲಿನಲ್ಲಿ ಕಳೆ ಉಳಿದಿದ್ದರೆ ಏನಾಗುತ್ತಿದ್ದಳು?

ಮರುದಿನ ಹಾಲವ್ವ ನಮ್ಮ ಪಡಸಾಲೆಗೆ ಬಂದು ಕೂತಳು. ನನ್ನತ್ತ ನೋಡದೆ, ನೇರ ತಂಗಿಗೇ ಹೇಳಿದಳು:

“ನಾಳಿ ನಮ್ಮ ಹೊಲಕ್ಕ ಬರ್ತೀಯೇನಬೇ ನಾಗಿ? ಒಂದಾಳು ಅಂತ ಹಿಡಿತೀನಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ನಾಗರತ್ನ ಅಂದಳು: “ನಾಳಿ ಆಗಂಗಿಲ್ಲ ಚಿಗವ್ವ. ಗುಳಿಗಿ ತರಾಕ ಹೋಗಬೇಕು. ನಾಡದ್ದು ಬರ್ತೀನಿ. ಒಂದೊಂದು ದಿನ ಏಳಾಕ ಆಗಂಗಿಲ್ಲ ನನಗ, ಅದನ್ನೂ ಹಿಡಿಬೇಕು.”

ಹಾಲವ್ವ ಮೊಣಕಾಲು ನೀವಿಕೊಂಡಳು. “ಹಿಡಿಯೋಣಂತ,” ಅಂದಳು. “ನಾಡದ್ದ ಕಳೆ ತೆಗಸ್ತೀನಿ ಹಂಗಾರ.” ನಾಗರತ್ನಳ ಸಲುವಾಗಿ ಹತ್ತು ಕುರ್ಪಿಗಳು ಒಂದು ದಿನ ಕಾದವು.

ಬೀಗರು ಬಿಜ್ಜರು ಬಂದಾಗ ಈಗಲೂ ದನಿ ತಗ್ಗಿಸಿ, ತಂಗಿಗೆ ಪೂರ್ತಿ ಗುಣವಾಯಿತೇ ಎಂದು ಕೇಳುತ್ತಾರೆ. ಗುಳಿಗೆ ನಡೆದಿದೆ, ಏಳಲಾರದ ದಿನಗಳೂ ಇವೆ. ಅದನ್ನು ದನಿ ತಗ್ಗಿಸದೆ ಹೇಳುತ್ತೇನೆ. ಆಮೇಲೆ ಗೋಡೆಯತ್ತ ಕೈ ತೋರಿಸುತ್ತೇನೆ. ಎರಡನೆಯ ಮೊಳೆಯನ್ನು ಅವಳ ಕೈಗೆ ನಿಲುಕುವ ಎತ್ತರಕ್ಕೇ ಹೊಡೆದಿದ್ದೇನೆ. ಇಂದು ಬೆಳಿಗ್ಗೆ ಅದು ಖಾಲಿ ಇದೆ.