ನೆಲಕ್ಕೆ ಕಿವಿಗೊಟ್ಟ ಪೆಟ್ಟಿಗೆ

ನಮ್ಮ ಬೈರಕೂರಿನ ಕಡೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ಮೆಲ್ಲಗೆ ನಡೆಯುವವರನ್ನು ಕಂಡರೆ ಯಾರೂ ನಗುವುದಿಲ್ಲ. ಕಾಯಿ ಎದ್ದು ನಿಂತ ಕಡೆ ಕೊಳವೆಬಾವಿ ಕೊರೆಸುತ್ತಾರೆ. ನೀರು ಬಂದರೆ ಕಾಯಿಗೆ ಕೀರ್ತಿ, ಬಾರದಿದ್ದರೆ ಹಣೆಬರಹಕ್ಕೆ ಬೈಗುಳ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನಾನೂ, ಗೆಳೆಯರೇ, ಗುಟ್ಟಾಗಿ ಕಾಯಿ ಹಿಡಿಸಿದವನೇ. ನೆಲದಡಿ ಏನಿದೆಯೆಂದು ತಿಳಿಯುವ ಆಸೆಗೆ ಓದು ಅಡ್ಡಬರುವುದಿಲ್ಲ.

ಇಂಥ ಊರಿಗೆ ಕೆಲವು ವರ್ಷಗಳ ಹಿಂದೆ ಸರ್ಕಾರಿ ಜೀಪೊಂದು ಬಂದು, ಭೂಮಿಯ ಸಣ್ಣ ಕಂಪನವನ್ನೂ ದಾಖಲಿಸುವ ಯಂತ್ರದ ಪೆಟ್ಟಿಗೆಗೆ ಸದ್ದಿಲ್ಲದ ಜಾಗ ಹುಡುಕಿತು. ನಾನೇ ಮುಂದೆ ನಿಂತು, ಪಕ್ಕದ ಮನೆಯ ವೆಂಕಟಮ್ಮನವರನ್ನು ಒಪ್ಪಿಸಿ, ಅವರ ಹೊಲದ ಬಂಡೆಯ ಮಗ್ಗುಲಲ್ಲಿ ಪುಟ್ಟ ಕೋಣೆ ಕಟ್ಟಿಸಿದೆ. ಮಾರನೆಯ ದಿನದಿಂದಲೇ ಜನ ಅವರ ಬಾಗಿಲಿಗೆ ಬಂದರು. "ನೀರು ಎಷ್ಟು ಅಡಿಗೈತೆ ಅಂತ ಹೇಳ್ತದಾ ವೆಂಕಟಕ್ಕಾ?" ನೆಲಕ್ಕೆ ಯಂತ್ರವಿಟ್ಟವರು ನೀರನ್ನಲ್ಲದೆ ಇನ್ನೇನನ್ನು ಹುಡುಕಿಯಾರು ಎಂಬುದು ಅವರ ಎಣಿಕೆ, ಅಲ್ಲವೆಂದು ಹೇಳಿ ಹೇಳಿ ಸೋತೆ. ನಂಬಿದವರು ವೆಂಕಟಮ್ಮ ಒಬ್ಬರೇ. ಸುತ್ತ ನೆಲ ಅಲುಗಬಾರದೆಂದ ನನ್ನ ಮಾತಿಗೆ ಅವರು ಹಸುಗಳನ್ನು ದೂರ ಕಟ್ಟಿದರು, ರಾಗಿಯ ಕಣವನ್ನು ಬೇರೆಡೆಗೆ ಸಾಗಿಸಿದರು, ಕೋಣೆಯ ಮುಂದೆ ಕಸ ಗುಡಿಸುವಾಗ ಪೊರಕೆಯನ್ನೂ ಮೆಲ್ಲಗೆ ಆಡಿಸಿದರು.

ವರ್ಷಗಳು ಕಳೆದವು, ಏನೂ ಆಗಲಿಲ್ಲ. ಕಾವಲಿನ ಕೆಲಸಕ್ಕೆ ಅಂಟಿದ ಶಾಪವೇ ಇದು: ಏನೂ ಆಗದಿರುವುದೇ ಅದನ್ನು ನಿಲ್ಲಿಸಲು ಕಾರಣವಾಗುತ್ತದೆ. ಅನಾಹುತವಾದ ಮೇಲೆ ಪರಿಹಾರಕ್ಕೆ ಬಿಚ್ಚುವ ಕೈ, ಅದಕ್ಕೆ ಮೊದಲು ಎಚ್ಚರವಾಗಿರುವುದಕ್ಕೆ ಬಿಚ್ಚುವುದಿಲ್ಲ. ಯೋಜನೆಯ ಅವಧಿ ಮುಗಿದು ನಿರ್ವಹಣೆಯ ಅನುದಾನ ನಿಂತಿತು. ಬ್ಯಾಟರಿ ಸತ್ತು ಪೆಟ್ಟಿಗೆಯ ಹಸಿರು ದೀಪ ಆರಿತು. "ಇಲಾಖೆಗೆ ಒಂದು ಕಾಗದ ಹಾಕಿ ಮೇಷ್ಟ್ರೇ" ಎಂದು ವೆಂಕಟಮ್ಮ ಆಗಲೇ ಹೇಳಿದ್ದರು. ನಾಳೆ ಬರೆದರಾಯಿತೆಂದು ಎರಡು ವರ್ಷ ತಳ್ಳಿದೆ.

ಒಂದು ಬೆಳಿಗ್ಗೆ, ಜನ ಡೈರಿಗೆ ಹಾಲು ಹಾಕುವ ಹೊತ್ತಿಗೆ, ನೆಲ ಗುಡುಗುಟ್ಟಿತಂತೆ. ಪಾತ್ರೆಗಳು ಗಲಗಲಿಸಿದವಂತೆ. ವೆಂಕಟಮ್ಮನವರ ಮಣ್ಣಿನ ಗೋಡೆ ಸೂರಿನಿಂದ ಬುಡದವರೆಗೆ ಬಿರಿಯಿತು. ಆಗ ನಾನು ನಂಗಲಿಯ ಬಸ್ಸಿನಲ್ಲಿದ್ದೆ; ಲಾರಿಗಳ ನಡುವೆ ದಿನವೂ ಕುಲುಕಾಡುವ ಆ ದಾರಿಯಲ್ಲಿ ನನಗೇನೂ ತಿಳಿಯಲಿಲ್ಲ.

ಪರಿಹಾರ ಕೇಳಲು ಹೋದ ವೆಂಕಟಮ್ಮನವರಿಗೆ ಅಧಿಕಾರಿ ಸೌಜನ್ಯದಿಂದಲೇ ಹೇಳಿದರಂತೆ: "ಯಂತ್ರದಲ್ಲಿ ಏನೂ ದಾಖಲಾಗಿಲ್ವಲ್ಲಮ್ಮ, ಹಳೇ ಗೋಡೆ ತಾನಾಗೇ ಬಿರಿದಿರಬಹುದು. ನಡುಕ ಕಂಡೋರು, ಓದಿದೋರು ಯಾರಾದ್ರೂ ಬರೆದುಕೊಟ್ರೆ ನೋಡೋಣ." ಊರಿನಲ್ಲಿ ಓದಿದವರೆಂದರೆ ವೆಂಕಟಮ್ಮನವರ ಲೆಕ್ಕಕ್ಕೆ ನಾನೇ. ಸಂಜೆ ಬಿಳಿ ಹಾಳೆ ಹಿಡಿದು ಬಂದು ನಮ್ಮ ಜಗಲಿಯ ಮೇಲೆ ಕುಳಿತರು.

ಪೆನ್ನು ಹಿಡಿದೆ. ಕಂಡದ್ದನ್ನು ಮಾತ್ರ ಬರೆಯಿರಿ ಎಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿದ ಕೈ ಹಾಳೆಯ ಮೇಲೆ ಸುಮ್ಮನೆ ಕುಳಿತುಬಿಟ್ಟಿತು. ನನ್ನ ಮಾತು ನಂಬಿ ಹಸುಗಳನ್ನು ದೂರ ಕಟ್ಟಿದ ಹೆಂಗಸಿಗೆ ನಾಲ್ಕು ಸಾಲು ಸುಳ್ಳು ಬರೆದುಕೊಡಲೂ ಆಗಲಿಲ್ಲ, ಇಲ್ಲವೆನ್ನಲು ಮುಖವೂ ಇರಲಿಲ್ಲ. ಬಸ್ಸಿನಲ್ಲಿದ್ದೆ, ನನಗೆ ತಿಳಿಯಲಿಲ್ಲ ಎಂದು ತಲೆ ತಗ್ಗಿಸಿ ಹೇಳಿದೆ.

ವೆಂಕಟಮ್ಮ, "ಪೋನೀಲೆ, ಹೋಗ್ಲಿ ಬಿಡಿ ಮೇಷ್ಟ್ರೇ" ಎಂದರು. "ಕಾಣದೇ ಇರೋದನ್ನ ಬರೀಬೇಡಿ. ಗೋಡೆಗೆ ನಾನೇ ಮಣ್ಣು ಮೆತ್ಕೊಂತೀನಿ. ಆ ಪೆಟ್ಟಿಗೆಗೆ ಬ್ಯಾಟರಿ ಹಾಕ್ಸಿ ಅಂತ ಬರೀರಿ. ಇನ್ನೊಂದು ಸಲ ನಡುಗಿದ್ರೆ, ಇನ್ಯಾರೂ ಹಿಂಗೆ ಸುಳ್ಳುಗಾರರು ಅನ್ನಿಸ್ಕೋಬಾರ್ದು."

ಹಾಗೆಯೇ ಬರೆದು ಓದಿ ಹೇಳಿದೆ. ಅವರು ರುಜು ಹಾಕಿದರು, ಕೆಳಗೆ ನಾನೂ ಹಾಕಿದೆ. ಅವರ ಗೋಡೆಯ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಎರಡು ವರ್ಷಗಳ ಹಿಂದೆಯೇ ನಾನು ಬರೆಯಬೇಕಿದ್ದ ಕಾಗದವದು.